ಕುಂಡದ ಸೊಪ್ಪು ಸೊರಗಿದಾಗ ದೋಷ ಹುಡುಕುವ ಬಗೆ

ಬಾಲ್ಕನಿಯಲ್ಲೋ ಕಿಟಕಿಯ ಕಟ್ಟೆಯಲ್ಲೋ ಐದಾರು ಕುಂಡ ಇಟ್ಟವರ ದೂರು ಹೆಚ್ಚುಕಡಿಮೆ ಒಂದೇ ತೆರನಾಗಿರುತ್ತದೆ. ತಂದಾಗ ಸೊಂಪಾಗಿದ್ದ ಪುದೀನ ತಿಂಗಳೊಳಗೆ ಕಡ್ಡಿಯಾಯಿತು, ಕೊತ್ತಂಬರಿ ಕೊಯ್ಲಿಗೆ ಬರುವ ಮೊದಲೇ ಹೂಬಿಟ್ಟಿತು, ಕಾಮಕಸ್ತೂರಿ ಉದ್ದುದ್ದ ಬೆಳೆದು ಮಗುಚಿಕೊಂಡಿತು. ಆಗ ಕೈ ಮೊದಲು ಹೋಗುವುದು ಗೊಬ್ಬರದ ಡಬ್ಬಿಗೆ, ಆಮೇಲೆ ಬೇವಿನ ಎಣ್ಣೆಗೆ. ಎರಡರಿಂದಲೂ ಗುಣ ಕಾಣುವುದು ಅಪರೂಪ. ಇಕ್ಕಟ್ಟಿನ ಜಾಗದ ಕುಂಡಗಳಲ್ಲಿ ಕಾಣುವ ತೊಂದರೆಗಳ ಬೇರು ಬಹುಮಟ್ಟಿಗೆ ಗಿಡ ನೆಡುವ ಮೊದಲೇ ಮಾಡಿದ ತೀರ್ಮಾನಗಳಲ್ಲಿ ಇರುತ್ತದೆ: ಯಾವ ಮೂಲೆ, ಎಷ್ಟು ಆಳದ ಕುಂಡ, ಯಾವುದರ ಪಕ್ಕ ಯಾವುದು. ಹಾಗಾಗಿ ಎಲೆಯ ಲಕ್ಷಣದಿಂದ ಹೊರಟರೂ ನಾವು ಮತ್ತೆ ಮತ್ತೆ ಜಾಗದ ಲೆಕ್ಕಾಚಾರಕ್ಕೇ ಬಂದು ನಿಲ್ಲಬೇಕಾಗುತ್ತದೆ.

ಹುಡುಕಾಟಕ್ಕೆ ಇಳಿಯುವ ಮುನ್ನ ಎರಡು ಮಾತು. ಒಮ್ಮೆಗೆ ಒಂದನ್ನೇ ಬದಲಿಸಿ. ಒಂದೇ ದಿನ ಕುಂಡವನ್ನು ಬಿಸಿಲಿಗೆ ಸರಿಸಿ, ಗೊಬ್ಬರವನ್ನೂ ಹಾಕಿ, ನೀರನ್ನೂ ಕಡಿಮೆ ಮಾಡಿದರೆ ಗಿಡ ಚೇತರಿಸಿಕೊಂಡರೂ ಯಾವುದರಿಂದ ಎಂದು ತಿಳಿಯುವುದಿಲ್ಲ, ಸತ್ತರೂ ತಿಳಿಯುವುದಿಲ್ಲ. ಇನ್ನೊಂದು, ಹಾಳಾದ ಎಲೆ ಮತ್ತೆ ಹಸಿರಾದೀತು ಎಂದು ಕಾಯುತ್ತಾ ಕೂರಬೇಡಿ. ಮಾಡಿದ ಕೆಲಸ ಸರಿಯಿತ್ತೇ ಎಂದು ಹೇಳುವುದು ಆಮೇಲೆ ಒಡೆಯುವ ಚಿಗುರು. ಅದಕ್ಕೆ ವಾರ, ಹತ್ತು ದಿನ ಬಿಡಬೇಕು.

ಎತ್ತಿ ನೋಡಿ, ಬೆರಳಿಟ್ಟು ನೋಡಿ, ಕಳಚಿ ನೋಡಿ

ಲಕ್ಷಣ ಯಾವುದೇ ಇರಲಿ, ಮೊದಲು ಈ ಮೂರು ಪರೀಕ್ಷೆಗಳು. ಕುಂಡವನ್ನು ನೀರು ಹಾಕಿದ ಕೂಡಲೇ ಒಮ್ಮೆ, ಮಣ್ಣು ಒಣಗಿದಾಗ ಇನ್ನೊಮ್ಮೆ ಎತ್ತಿ ನೋಡಿದರೆ ಕೈಗೆ ತೂಕದ ಅಂದಾಜು ಸಿಗುತ್ತದೆ. ಮಾರುಕಟ್ಟೆಯ ತೇವಮಾಪಕಕ್ಕಿಂತ ನನಗೆ ಈ ಅಂದಾಜಿನ ಮೇಲೆಯೇ ಹೆಚ್ಚು ನಂಬಿಕೆ. ಎರಡನೆಯದಾಗಿ, ತೋರುಬೆರಳನ್ನು ಎರಡು ಮೂರು ಸೆಂಟಿಮೀಟರ್ ಒಳಗೆ ಇಳಿಸಿ. ಮೇಲ್ಮೈಯ ಬಣ್ಣ ನೋಡಿ ಮೋಸಹೋಗುವುದು ಸುಲಭ. ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ, ಮೇಲುಗಡೆ ಒಣಗಿ ತಿಳಿಗಂದು ಬಣ್ಣಕ್ಕೆ ತಿರುಗಿರುತ್ತದೆ, ಕೆಳಗಿನದನ್ನು ಹಿಂಡಿದರೆ ನೀರು ಸೋರುತ್ತದೆ.

ಮೂರನೆಯ ಪರೀಕ್ಷೆಗೆ ಜನ ಅನಗತ್ಯವಾಗಿ ಹೆದರುತ್ತಾರೆ. ಗಿಡದ ಬುಡ ಎರಡು ಬೆರಳುಗಳ ನಡುವೆ ಬರುವಂತೆ ಅಂಗೈಯನ್ನು ಮಣ್ಣಿನ ಮೇಲೆ ಊರಿ, ಕುಂಡವನ್ನು ತಲೆಕೆಳಗು ಮಾಡಿ, ಅದರ ಅಂಚನ್ನು ಮೇಜಿನ ತುದಿಗೆ ಮೆಲ್ಲನೆ ತಟ್ಟಿ. ಮಣ್ಣಿನ ಮುದ್ದೆ ಇಡಿಯಾಗಿ ಕೈಗೆ ಜಾರುತ್ತದೆ. ಒಂದು ನಿಮಿಷ ಹೊರಗಿದ್ದರೆ ಗಿಡಕ್ಕೇನೂ ಆಗುವುದಿಲ್ಲ. ಈಗ ನೋಡಿ. ಬೇರುಗಳು ಬಿಳಿಯಾಗಿ ಅಥವಾ ಕೆನೆಬಣ್ಣದಲ್ಲಿದ್ದು ಎಳೆದರೆ ಬಿಗಿಯಾಗಿದ್ದರೆ ಕೆಳಗಿನ ಭಾಗ ಆರೋಗ್ಯವಾಗಿದೆ, ದೋಷವನ್ನು ಮೇಲೆ ಹುಡುಕಿ. ಕಂದುಬಣ್ಣಕ್ಕೆ ತಿರುಗಿ, ಹಿಡಿದು ಎಳೆದರೆ ಹೊರಸಿಪ್ಪೆ ಕಳಚಿ ಒಳಗಿನ ದಾರದಂಥ ಎಳೆ ಮಾತ್ರ ಉಳಿದು, ಹುಳಿವಾಸನೆ ಬಂದರೆ ಅದು ಬೇರುಕೊಳೆ. ಮಣ್ಣೇ ಕಾಣದಷ್ಟು ಬೇರು ಕುಂಡದ ಗೋಡೆಯುದ್ದಕ್ಕೂ ಸುತ್ತಿಕೊಂಡಿದ್ದರೆ ಕುಂಡ ಸಾಲದಾಗಿದೆ. ಬೇರೆಲ್ಲ ಮೇಲಿನ ಅರ್ಧದಲ್ಲೇ ನಿಂತು, ಕೆಳಗಿನ ಅರ್ಧ ಬೇರಿಲ್ಲದ ಒದ್ದೆ ಕೆಸರಾಗಿದ್ದರೆ ತಳದಲ್ಲಿ ನೀರು ಬಸಿಯುತ್ತಿಲ್ಲ ಎಂದರ್ಥ. ಕೊತ್ತಂಬರಿ, ಸಬ್ಬಸಿಗೆಗಳ ಮೇಲೆ ಮಾತ್ರ ಈ ಪ್ರಯೋಗ ಬೇಡ. ಅವುಗಳ ತಾಯಿಬೇರು ಕದಲಿಕೆಯನ್ನು ಸಹಿಸುವುದಿಲ್ಲ.

ಬಾಡಿದೆ, ಆದರೆ ಮಣ್ಣು ಒದ್ದೆ

ಕುಂಡದ ಗಿಡಗಳು ಅತಿ ಹೆಚ್ಚು ಸಾಯುವುದು ಇಲ್ಲಿಯೇ. ಎಲೆ ಜೋತುಬಿದ್ದಿದೆ ಎಂದು ನೀರು ಹಾಕುತ್ತೇವೆ, ಇನ್ನಷ್ಟು ಜೋಲುತ್ತದೆ, ಇನ್ನಷ್ಟು ಹಾಕುತ್ತೇವೆ. ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಮಣ್ಣಿನ ಸಂದುಗಳೆಲ್ಲ ನೀರಿನಿಂದ ತುಂಬಿದರೆ ಬೇರು ಉಸಿರುಕಟ್ಟಿ ಸಾಯುತ್ತದೆ, ಸತ್ತ ಬೇರು ನೀರನ್ನು ಮೇಲಕ್ಕೆಳೆಯಲಾರದು. ನೀರಿನ ನಡುವೆ ನಿಂತೇ ಗಿಡ ಬಾಯಾರಿ ಬಾಡುತ್ತದೆ.

ಕಾರಣ ನೀರು ಹಾಕುವ ಕೈಯಲ್ಲಿರುವುದಕ್ಕಿಂತ ಕುಂಡದ ಆಕಾರದಲ್ಲಿರುವುದೇ ಹೆಚ್ಚು. ಅಡುಗೆಮನೆಯ ಒಂದು ಸ್ಪಂಜನ್ನು ಪೂರ್ತಿ ನೆನೆಸಿ, ಅಂಗೈಯಗಲಕ್ಕೆ ಮಲಗಿಸಿ ಹಿಡಿಯಿರಿ. ಸ್ವಲ್ಪ ಹೊತ್ತು ತೊಟ್ಟಿಕ್ಕಿ ನಿಲ್ಲುತ್ತದೆ. ಈಗ ಅದನ್ನೇ ಉದ್ದಕ್ಕೆ ನಿಲ್ಲಿಸಿ. ಹಿಂಡದೆಯೇ ಮತ್ತೆ ನೀರು ಸುರಿಯುತ್ತದೆ. ಕುಂಡದ ಮಣ್ಣಿನಲ್ಲೂ ನಡೆಯುವುದು ಇದೇ. ರಂಧ್ರ ಎಷ್ಟೇ ಇರಲಿ, ತಳದಲ್ಲಿ ಒಂದು ಪದರದಷ್ಟು ನೀರು ಬಸಿಯದೆ ಉಳಿಯುತ್ತದೆ. ಒಂದೇ ಮಿಶ್ರಣವಾದರೆ ಆ ಪದರದ ಎತ್ತರ ಕುಂಡ ಗಿಡ್ಡವಿದ್ದರೂ ಉದ್ದವಿದ್ದರೂ ಹೆಚ್ಚುಕಡಿಮೆ ಒಂದೇ. ಹಾಗಾಗಿ ಅಗಲವಾದ ತಗ್ಗು ತಟ್ಟೆಯಲ್ಲಿ ಅರ್ಧ ಮಣ್ಣು ಸದಾ ಜೌಗಾಗಿದ್ದರೆ, ಉದ್ದನೆಯ ಕುಂಡದಲ್ಲಿ ತಳದ ಅಲ್ಪಭಾಗ ಮಾತ್ರ ಜೌಗಾಗಿರುತ್ತದೆ.

ತಳಕ್ಕೆ ಜಲ್ಲಿಕಲ್ಲು, ಹೆಂಚಿನ ಚೂರು ತುಂಬಿದರೆ ನೀರು ಬೇಗ ಬಸಿಯುತ್ತದೆ ಎಂಬ ನಂಬಿಕೆ ಬಹಳ ಹಳೆಯದು, ತಪ್ಪು ಕೂಡ. ಸಣ್ಣ ಸಂದುಗಳ ಮಣ್ಣು ತನ್ನಲ್ಲಿರುವ ನೀರನ್ನು ದೊಡ್ಡ ಸಂದುಗಳ ಜಲ್ಲಿಗೆ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಜೌಗು ಪದರ ಜಲ್ಲಿಯ ಮೇಲಕ್ಕೆ ಏರಿ ಕೂರುತ್ತದೆ, ಬೇರಿಗೆ ಇದ್ದ ಜಾಗವೂ ಕಡಿಮೆಯಾಗುತ್ತದೆ. ರಂಧ್ರದಿಂದ ಮಣ್ಣು ಸೋರದಂತೆ ಒಂದು ತುಂಡು ಬಲೆ ಸಾಕು.

ಪರಿಹಾರಕ್ಕೆ ಬಂದರೆ, ಬೇರು ಅರ್ಧಕ್ಕಿಂತ ಹೆಚ್ಚು ಬಿಳಿಯಿದ್ದರೆ ನೀರು ನಿಲ್ಲಿಸಿ, ಗಾಳಿಯಾಡುವ ಕಡೆ ನೆರಳಿನಲ್ಲಿಟ್ಟು, ಮೇಲಿನ ಎರಡು ಮೂರು ಸೆಂಟಿಮೀಟರ್ ಒಣಗುವವರೆಗೆ ಕಾಯಿರಿ. ಕೊಳೆ ಹರಡಿದ್ದರೆ ಕಂದು ಬೇರುಗಳನ್ನು ಕತ್ತರಿಸಿ ತೆಗೆದು, ಅದೇ ಪ್ರಮಾಣದಲ್ಲಿ ಮೇಲಿನ ಕೊಂಬೆಗಳನ್ನೂ ಕಡಿದು, ಹೊಸ ಮಿಶ್ರಣದಲ್ಲಿ ನೆಡಿ. ಕುಂಡದಡಿಯ ತಟ್ಟೆಯಲ್ಲಿ ನಿಂತ ನೀರನ್ನು ಅರ್ಧ ಗಂಟೆಯೊಳಗೆ ಚೆಲ್ಲಿ. ತೋಟದ ಮಣ್ಣನ್ನೇ ಕುಂಡಕ್ಕೆ ತುಂಬಿದ್ದರೆ ಯಾವ ಉಪಾಯವೂ ನಿಲ್ಲುವುದಿಲ್ಲ. ಅದು ಕೆಲವು ವಾರಗಳಲ್ಲೇ ಕುಸಿದು ಹೆಪ್ಪುಗಟ್ಟುತ್ತದೆ. ಕೋಕೋಪೀಟ್, ಚೆನ್ನಾಗಿ ಕಳಿತ ಕಾಂಪೋಸ್ಟ್, ಜೊತೆಗೆ ಪರ್ಲೈಟ್ (ಹಗುರವಾದ ಬಿಳಿ ಖನಿಜದ ಹರಳು) ಅಥವಾ ದಪ್ಪ ಮರಳು ಬೆರೆತ ಸಡಿಲ ಮಿಶ್ರಣ ಬೇಕು. ಪುಟ್ಟ ಸಸಿಯನ್ನು ದೊಡ್ಡ ಕುಂಡದಲ್ಲಿ ನೆಡುವುದೂ ಇದೇ ತೊಂದರೆಗೆ ದಾರಿ. ಬೇರು ತಲುಪದ ಮಣ್ಣಿನ ನೀರನ್ನು ಹೀರುವವರೇ ಇರುವುದಿಲ್ಲ.

ಬಾಡಿದೆ, ಮಣ್ಣೂ ಒಣಗಿದೆ

ಇದು ಸುಲಭದ ಪ್ರಕರಣ, ಒಂದು ಗುಟ್ಟನ್ನು ಬಿಟ್ಟರೆ. ಕೋಕೋಪೀಟ್ ಅಥವಾ ಪೀಟ್ (ಜೌಗುನೆಲದ ಕೊಳೆತ ಪಾಚಿ) ಇರುವ ಮಿಶ್ರಣ ಪೂರ್ತಿ ಒಣಗಿದರೆ ಕುಗ್ಗಿ ಕುಂಡದ ಗೋಡೆಯಿಂದ ಬಿಟ್ಟುಕೊಳ್ಳುತ್ತದೆ. ಮೇಲಿನಿಂದ ಹಾಕಿದ ನೀರು ಆ ಬಿರುಕಿನಲ್ಲೇ ಇಳಿದು ಕ್ಷಣದಲ್ಲಿ ಕೆಳಗಿನಿಂದ ಹೊರಬರುತ್ತದೆ. ನೋಡುವವರಿಗೆ ನೀರು ಚೆನ್ನಾಗಿ ಇಳಿಯಿತು ಅನ್ನಿಸುತ್ತದೆ, ಒಳಗಿನ ಮುದ್ದೆ ಮಾತ್ರ ಒಣಗಿಯೇ ಇರುತ್ತದೆ. ಕುಂಡ ಎತ್ತಿದಾಗ ಹಗುರವೆನಿಸಿದರೆ ಅನುಮಾನ ಬೇಡ. ಬಕೆಟ್ಟಿನಲ್ಲಿ ಕುಂಡದ ಅರ್ಧದಷ್ಟು ಎತ್ತರಕ್ಕೆ ನೀರು ತುಂಬಿ ಅರ್ಧ ಗಂಟೆ ಇಳಿಸಿಡಿ, ಆಮೇಲೆ ಬಸಿಯಲು ಬಿಡಿ.

ಉರಿಬಿಸಿಲಿನ ಮಧ್ಯಾಹ್ನ ಪುದೀನ, ಕಾಮಕಸ್ತೂರಿ ಜೋತುಬಿದ್ದು ಸಂಜೆಗೆ ತಾವೇ ಎದ್ದು ನಿಂತರೆ, ಮಣ್ಣಿನಲ್ಲಿ ತೇವವಿದ್ದರೆ, ಅದು ದೋಷವೇ ಅಲ್ಲ. ಎಲೆಯಿಂದ ಆವಿಯಾಗುವ ವೇಗಕ್ಕೆ ಬೇರು ಸಾಟಿಯಾಗಲಿಲ್ಲ, ಅಷ್ಟೆ. ದಿನಾಲೂ ಹೀಗಾದರೆ ಕುಂಡ ಚಿಕ್ಕದಾಯಿತು ಅಥವಾ ಗಾಳಿ ವಿಪರೀತ ಎಂದು ತಿಳಿಯಿರಿ. ಮೇಲಿನ ಮಹಡಿಗಳ ಬಾಲ್ಕನಿಯಲ್ಲಿ ಬಿಸಿಲಿಗಿಂತ ಗಾಳಿಯೇ ಹೆಚ್ಚು ಒಣಗಿಸುತ್ತದೆ. ಮಣ್ಣಿನ ಕುಂಡ ಗೋಡೆಯ ಮೂಲಕವೂ ನೀರು ಕಳೆದುಕೊಳ್ಳುತ್ತದೆ. ಕಪ್ಪು ಪ್ಲಾಸ್ಟಿಕ್ ಕುಂಡ ನೀರು ಉಳಿಸಿಕೊಂಡರೂ ಬಿಸಿಲಿಗೆ ಕಾದು ಬೇರನ್ನು ಸುಡುತ್ತದೆ. ಬಿಸಿಲಿನ ಕಡೆಗೆ ಇನ್ನೊಂದು ಕುಂಡವನ್ನು ಅಡ್ಡ ಇಟ್ಟರೆ ಅರ್ಧ ಸಮಸ್ಯೆ ಅಲ್ಲಿಗೇ ತೀರುತ್ತದೆ.

ಕಾಂಡ ಉದ್ದ, ಎಲೆ ವಿರಳ

ಗಿಣ್ಣಿನಿಂದ ಗಿಣ್ಣಿಗೆ ಅಂತರ ಹೆಚ್ಚಾಗಿ, ಕಾಂಡ ಬಿಳಚಿಕೊಂಡು, ಇಡೀ ಗಿಡ ಒಂದೇ ಕಡೆ ವಾಲಿದರೆ ಬೆಳಕು ಸಾಲದು. ಗೊಬ್ಬರ ಹಾಕಿದರೆ ಇನ್ನಷ್ಟು ಉದ್ದವಾಗುತ್ತದೆ, ಗಟ್ಟಿಯಾಗುವುದಿಲ್ಲ. ಕಾಮಕಸ್ತೂರಿ, ರೋಸ್ಮರಿ, ಥೈಮ್, ಓರೆಗಾನೊಗಳಿಗೆ ದಿನಕ್ಕೆ ಕನಿಷ್ಠ 6 ಗಂಟೆ ನೇರ ಬಿಸಿಲು ಬೇಕು. ಪುದೀನ, ಪಾರ್ಸ್ಲಿ, ಕೊತ್ತಂಬರಿ, ದೊಡ್ಡಪತ್ರೆ 3 ರಿಂದ 4 ಗಂಟೆಯಲ್ಲಿ ಹೊಂದಿಕೊಳ್ಳುತ್ತವೆ.

ನಮ್ಮ ಕಣ್ಣು ಮಬ್ಬು ಬೆಳಕಿಗೆ ಎಷ್ಟು ಚೆನ್ನಾಗಿ ಹೊಂದಿಕೊಳ್ಳುತ್ತದೆಯೆಂದರೆ ಬಾಲ್ಕನಿಯ ಬೆಳಕಿನ ವಿಷಯದಲ್ಲಿ ಅದರ ಸಾಕ್ಷ್ಯವನ್ನು ನಂಬಲಾಗದು. ಒಂದು ದಿನ ಬೆಳಗಿನಿಂದ ಸಂಜೆಯವರೆಗೆ ಗಂಟೆಗೊಮ್ಮೆ ಅದೇ ಜಾಗದ ಚಿತ್ರವನ್ನು ಮೊಬೈಲಿನಲ್ಲಿ ತೆಗೆದು, ಬಿಸಿಲಿನ ಪಟ್ಟಿ ಎಲ್ಲಿಂದ ಎಲ್ಲಿಗೆ ಸರಿಯಿತು ಎಂದು ನೋಡಿ. ನಡುಹಗಲಿನಲ್ಲಿ ಕುಂಡದ ಮೇಲೆ ಕೈ ಹಿಡಿದಾಗ ಬೆರಳುಗಳ ನೆರಳು ಗೆರೆ ಕೊರೆದಂತೆ ಬಿದ್ದರೆ ನೇರ ಬಿಸಿಲು, ಅಂಚು ಮಸುಕಾಗಿದ್ದರೆ ಚದುರಿದ ಬೆಳಕು, ನೆರಳೇ ಕಾಣದಿದ್ದರೆ ಅಲ್ಲಿ ಸೊಪ್ಪು ಬೆಳೆಯುವ ಆಸೆ ಬಿಡುವುದು ಒಳ್ಳೆಯದು. ಸೂರ್ಯನ ಹಾದಿ ಋತುವಿನೊಂದಿಗೆ ಬದಲಾಗುವುದರಿಂದ ಆರು ತಿಂಗಳ ಹಿಂದೆ ಸರಿಯಿದ್ದ ಮೂಲೆ ಈಗ ಎದುರು ಕಟ್ಟಡದ ನೆರಳಿನಲ್ಲಿರಬಹುದು. ಏನೂ ಬದಲಿಸಿಲ್ಲ, ಆದರೂ ಗಿಡ ಸೊರಗಿತು ಎನ್ನುವವರು ಮೊದಲು ಇದನ್ನು ನೋಡಬೇಕು.

ಕಿಟಕಿಯ ಒಳಗಡೆಯಾದರೆ ಗಾಜಿಗೆ ತಾಗಿದಂತೆಯೇ ಇಡಿ. ಗಾಜಿನಿಂದ ಒಂದು ಮೀಟರ್ ಒಳಗೆ ಬಂದರೂ ಬೆಳಕು ಬಹಳ ಇಳಿದುಬಿಡುತ್ತದೆ. ವಾರಕ್ಕೊಮ್ಮೆ ಕುಂಡವನ್ನು ಕಾಲು ಸುತ್ತು ತಿರುಗಿಸಿ. ನೆರಳಿನಲ್ಲಿ ಬೆಳೆದ ಗಿಡವನ್ನು ಒಮ್ಮೆಲೇ ಬಿಸಿಲಿಗೆ ಇಟ್ಟರೆ ಎಲೆಯ ಮೇಲೆ ಬಿಳಿಚಿದ ಕಲೆಗಳಾಗುತ್ತವೆ. ದಿನಕ್ಕೊಂದಿಷ್ಟು ಹೊತ್ತು ಹೆಚ್ಚಿಸುತ್ತಾ ವಾರದಲ್ಲಿ ಪೂರ್ತಿ ಸರಿಸಿ.

ಹಳದಿ ಎಲೆ: ಯಾವ ಎಲೆ, ಯಾವ ಹಳದಿ?

ಮೊದಲು ಹಳದಿಯಾದದ್ದು ಬುಡದ ಹಳೆಯ ಎಲೆಯೋ, ತುದಿಯ ಚಿಗುರೋ? ಸಾರಜನಕ ಗಿಡದೊಳಗೆ ಓಡಾಡುವ ಪೋಷಕಾಂಶ. ಕೊರತೆಯಾದಾಗ ಗಿಡ ಹಳೆಯ ಎಲೆಯಿಂದ ಅದನ್ನು ಕಿತ್ತು ಚಿಗುರಿಗೆ ಕೊಡುತ್ತದೆ. ಹಾಗಾಗಿ ಬುಡದಿಂದ ಮೇಲಕ್ಕೆ ಒಂದೇ ಸಮನಾಗಿ ಹಳದಿ ಏರಿದರೆ ಸಾರಜನಕ ಸಾಲದು. ನೀರು ಹಾಕಿದಾಗಲೆಲ್ಲ ಅದು ತೊಳೆದು ಹೋಗುತ್ತಿರುತ್ತದೆ, ಕೋಕೋಪೀಟಿನಲ್ಲಿ ಮೊದಲಿನಿಂದಲೂ ಸಾರ ಅತ್ಯಲ್ಪ. ಎಲೆಗಾಗಿ ಬೆಳೆಸುವ ಪುದೀನ, ಕಾಮಕಸ್ತೂರಿಗಳಿಗೆ ಎರಡು ಮೂರು ವಾರಕ್ಕೊಮ್ಮೆ ದ್ರವಗೊಬ್ಬರವನ್ನು ಡಬ್ಬಿಯ ಮೇಲೆ ಹೇಳಿದ್ದರ ಅರ್ಧ ಸಾಂದ್ರತೆಯಲ್ಲಿ ಕೊಡಿ. ಅತಿಯಾದರೆ ಎಲೆ ದೊಡ್ಡದಾಗಿ ಮೆತ್ತಗಾಗುತ್ತದೆ, ಪರಿಮಳ ತೆಳುವಾಗುತ್ತದೆ, ಸಸ್ಯಹೇನು ಹುಡುಕಿಕೊಂಡು ಬರುತ್ತದೆ.

ಚಿಗುರೇ ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿದರೆ ಕಬ್ಬಿಣದ ಕೊರತೆ. ಅದು ಓಡಾಡದ ಪೋಷಕಾಂಶವಾದ್ದರಿಂದ ಹೊಸ ಎಲೆಗೆ ಮೊದಲ ಏಟು. ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಗಡಸುನೀರಿನಿಂದ ಕ್ಷಾರತೆ ಏರಿದರೆ ಅಥವಾ ಬೇರು ಜೌಗಿನಲ್ಲಿದ್ದರೆ ಗಿಡಕ್ಕೆ ಅದು ದಕ್ಕುವುದಿಲ್ಲ. ಕಬ್ಬಿಣದ ಪುಡಿ ತರುವ ಮೊದಲು ಬೇರು ನೋಡಿ, ಸಿಕ್ಕಿದರೆ ಮಳೆನೀರು ಹಾಕಿ.

ಕಾಮಕಸ್ತೂರಿಯಲ್ಲಿ ಒಂದು ವೇಷಧಾರಿ ಹಳದಿ ಇದೆ. ದೂರದಿಂದ ಸಾರಜನಕದ ಕೊರತೆಯಂತೆಯೇ ಕಾಣುತ್ತದೆ. ಹತ್ತಿರ ಹಿಡಿದರೆ ಹಳದಿ ನರಗಳ ಗಡಿಯೊಳಗೆ ಪಟ್ಟೆಪಟ್ಟೆಯಾಗಿ ನಿಂತಿರುತ್ತದೆ, ಎಲೆ ಮಗುಚಿದರೆ ಅಡಿಯಲ್ಲಿ ಬೂದುನೇರಳೆ ಬಣ್ಣದ ಧೂಳಿನಂಥ ಬೂಷ್ಟು. ಇದು ಗಾಳಿಯಲ್ಲಿ ಹರಡುವ ರೋಗ, ಒದ್ದೆ ಎಲೆಯ ಮೇಲೆ ಹಬ್ಬುತ್ತದೆ. ಮನೆಮದ್ದಿಗೆ ಬಗ್ಗುವುದಿಲ್ಲ. ತಗುಲಿದ ಗಿಡವನ್ನು ಚೀಲದಲ್ಲಿ ಕಟ್ಟಿ ಎಸೆಯಿರಿ, ಮುಂದಿನದಕ್ಕೆ ನೀರನ್ನು ಎಲೆಗೆ ತಾಗಿಸದೆ ಬೆಳಿಗ್ಗೆಯೇ ಮಣ್ಣಿಗೆ ಹಾಕಿ. ಇನ್ನು ಕಾಮಕಸ್ತೂರಿಯ ಎಲೆ ಕಪ್ಪಾಗುತ್ತಿದ್ದರೆ ಚಳಿಯನ್ನು ಅನುಮಾನಿಸಿ. 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಅದು ತಡೆಯುವುದಿಲ್ಲ.

ಎಲೆಯ ತುದಿ ಸುಟ್ಟಂತಿದೆ, ಕುಂಡದ ಅಂಚಿನಲ್ಲಿ ಬಿಳಿ ಪುಡಿ

ಲವಣ ಶೇಖರವಾಗಿದೆ. ಗಡಸುನೀರು, ಅತಿಯಾದ ರಸಗೊಬ್ಬರ, ತೊಳೆಯದ ಅಗ್ಗದ ಕೋಕೋಪೀಟ್, ಇವುಗಳಲ್ಲಿ ಯಾವುದಾದರೂ ಕಾರಣವಿರಬಹುದು. ನೀರು ಶುದ್ಧೀಕರಣ ಯಂತ್ರ ಹೊರಚೆಲ್ಲುವ ನೀರು ವ್ಯರ್ಥವಾಗಬಾರದೆಂದು ಕುಂಡಕ್ಕೆ ಹಾಕುವವರಿದ್ದಾರೆ. ಅದರಲ್ಲಿ ಲವಣ ಸಾಂದ್ರವಾಗಿರುತ್ತದೆ, ನೆಲ ಒರೆಸಲು ಬಳಸಿ. ಉಪ್ಪಿನಿಂದ ಮೆದುಗೊಳಿಸಿದ ನೀರಿನಲ್ಲಿ ಸೋಡಿಯಂ ಇರುವುದರಿಂದ ಅದೂ ಬೇಡ. ಪರಿಹಾರ ಸರಳ: ಕುಂಡದ ಗಾತ್ರದ ಎರಡು ಮೂರು ಪಟ್ಟು ಒಳ್ಳೆಯ ನೀರನ್ನು ನಿಧಾನವಾಗಿ ಹಾಯಿಸಿ ಪೂರ್ತಿ ಬಸಿಯಲು ಬಿಡಿ.

ಕೊತ್ತಂಬರಿ ಹೂಬಿಟ್ಟಿತು

ಕೆಳಗಿನ ಅಗಲ ಎಲೆಗಳ ನಡುವಿನಿಂದ ಗರಿಯಂತೆ ಸೀಳಿದ ತೆಳು ಎಲೆ ಮೇಲೆದ್ದರೆ ಹೂಗೊಂಚಲು ಹೊರಟಿತು ಎಂದೇ ಲೆಕ್ಕ. ಆಮೇಲೆ ಚಿವುಟಿದರೂ ಅದು ಹಿಂದಿರುಗುವುದಿಲ್ಲ. ಕೊತ್ತಂಬರಿಗೆ ಆಯುಷ್ಯವೇ ಅಷ್ಟು, ಸೆಕೆ, ದೀರ್ಘ ಹಗಲು, ನೀರಿನ ಕೊರತೆ, ಕದಲಿದ ಬೇರು ಅದನ್ನು ಇನ್ನೂ ಅವಸರಿಸುತ್ತವೆ. ಸಸಿ ಕಿತ್ತು ನೆಡುವುದನ್ನು ಬಿಟ್ಟು, ಕನಿಷ್ಠ 20 ಸೆಂಟಿಮೀಟರ್ ಆಳದ ಕುಂಡಕ್ಕೇ ನೇರವಾಗಿ ಬಿತ್ತಿ, ಬಿರುಬಿಸಿಲಿನ ತಿಂಗಳುಗಳಲ್ಲಿ ಮಧ್ಯಾಹ್ನದ ನೆರಳು ಸಿಗುವಂತೆ ಇಡಿ. ಎರಡು ಮೂರು ವಾರಕ್ಕೊಮ್ಮೆ ಹೊಸ ಬಿತ್ತನೆ ನಡೆಯುತ್ತಿದ್ದರೆ ಹೂವಿನ ಚಿಂತೆಯೇ ಇಲ್ಲ.

ಮೊಳಕೆಯೇ ಬರಲಿಲ್ಲವೆನ್ನುವವರು ಗಮನಿಸಬೇಕಾದದ್ದು, ಗುಂಡಗಿನ ಕಾಳು ಒಂದು ಹಣ್ಣು, ಅದರೊಳಗೆ ಎರಡು ಬೀಜ. ಮೆಲ್ಲನೆ ಒತ್ತಿ ಎರಡಾಗಿ ಸೀಳಿ, ರಾತ್ರಿ ನೆನೆಸಿ, ಒಂದು ಸೆಂಟಿಮೀಟರ್ ಆಳಕ್ಕೆ ಬಿತ್ತಿ. ಒಂದರಿಂದ ಎರಡು ವಾರ ಬೇಕು. ಮೊಳೆತ ಸಸಿಗಳು ಬುಡದಲ್ಲಿ ದಾರದಂತೆ ತೆಳುವಾಗಿ ರಾತ್ರೋರಾತ್ರಿ ಮಲಗಿಬಿಟ್ಟರೆ ಅದು ಮಣ್ಣಿನ ಶಿಲೀಂಧ್ರದ ಕೆಲಸ. ದಟ್ಟ ಬಿತ್ತನೆ, ಸದಾ ಒದ್ದೆಯ ಮೇಲ್ಮಣ್ಣು, ಆಡದ ಗಾಳಿ ಇದಕ್ಕೆ ಅನುಕೂಲ.

ಒಂದೇ ತೊಟ್ಟಿಯಲ್ಲಿ ಎಲ್ಲವೂ

ಜಾಗ ಉಳಿಸಲು ಉದ್ದನೆಯ ತೊಟ್ಟಿಯಲ್ಲಿ ಪುದೀನ, ರೋಸ್ಮರಿ, ಕಾಮಕಸ್ತೂರಿ ಒಟ್ಟಿಗೆ ನೆಡುತ್ತಾರೆ. ಚಿತ್ರದಲ್ಲಿ ಚೆಂದ, ಬಾಳುವುದಿಲ್ಲ. ರೋಸ್ಮರಿ, ಥೈಮ್, ಓರೆಗಾನೊಗಳಿಗೆ ಮರಳು ಹೆಚ್ಚಿರುವ, ಒಮ್ಮೆ ನೀರು ಹಾಕಿ ಇನ್ನೊಮ್ಮೆ ಹಾಕುವುದರೊಳಗೆ ಚೆನ್ನಾಗಿ ಒಣಗುವ ಮಣ್ಣು ಬೇಕು, ಪುದೀನಕ್ಕೆ ಸದಾ ತೇವ ಬೇಕು. ಒಂದಕ್ಕೆ ಸರಿಯಾದ ನೀರು ಇನ್ನೊಂದಕ್ಕೆ ವಿಷ. ಒಣಗುವುದನ್ನು ಬಯಸುವವು ಒಂದು ಕಡೆ, ತೇವ ಬಯಸುವವು ಒಂದು ಕಡೆ ಎಂದು ವಿಂಗಡಿಸಿ. ಪುದೀನವನ್ನಂತೂ ಯಾರ ಜೊತೆಗೂ ಸೇರಿಸಬೇಡಿ, ಅದರ ಬಳ್ಳಿಬೇರು ಇಡೀ ತೊಟ್ಟಿಯನ್ನು ನುಂಗುತ್ತದೆ. ಒಂಟಿ ಕುಂಡದಲ್ಲೂ ವರ್ಷದೊಳಗೆ ಹೊಸ ಚಿಗುರೆಲ್ಲ ಅಂಚಿಗೆ ಓಡಿ ನಡುವೆ ಬೋಳು ಕಡ್ಡಿಗಳು ಉಳಿಯುತ್ತವೆ. ಆಗ ಮುದ್ದೆಯನ್ನು ಹೊರತೆಗೆದು ಅಂಚಿನ ಚಿಗುರಿರುವ ತುಂಡುಗಳನ್ನು ಮಾತ್ರ ಹೊಸ ಮಣ್ಣಿನಲ್ಲಿ ನೆಟ್ಟು, ನಡುಭಾಗವನ್ನು ಎಸೆಯಿರಿ.

ಹುಳ, ನುಸಿ, ನೊಣ

ಎಲೆಯ ಮೇಲೆ ಸೂಜಿಮೊನೆಯಷ್ಟು ತಿಳಿ ಚುಕ್ಕಿಗಳು ತುಂಬಿದ್ದರೆ, ಅಡಿಯಲ್ಲಿ ಬಿಳಿ ಕಾಗದ ಹಿಡಿದು ಕೊಂಬೆಯನ್ನು ತಟ್ಟಿ. ಬಿದ್ದ ಧೂಳಿನ ಕಣಗಳು ನಡೆದಾಡಿದರೆ ಜೇಡನುಸಿ. ಬಿಸಿಯಾದ ಒಣಹವೆಯಲ್ಲಿ ಬೇಗ ಹೆಚ್ಚುತ್ತದೆ. ಎಲೆಯ ಅಡಿಭಾಗಕ್ಕೆ ರಭಸದ ನೀರು ಹಾಯಿಸುವುದನ್ನು ಎರಡು ಮೂರು ದಿನಕ್ಕೊಮ್ಮೆ ಮಾಡಿ. ಎಲೆ ಅಂಟಂಟಾಗಿ ಇರುವೆ ಓಡಾಡುತ್ತಿದ್ದರೆ ಸಸ್ಯಹೇನು ಅಥವಾ ಹಿಟ್ಟುತಿಗಣೆ. ಲೀಟರ್ ನೀರಿಗೆ 5 ಮಿಲಿಲೀಟರ್ ಸೌಮ್ಯ ದ್ರವಸೋಪು ಬೆರೆಸಿ, ಬಿಸಿಲಿಳಿದ ಮೇಲೆ, ಹುಳಕ್ಕೆ ನೇರವಾಗಿ ತಾಗುವಂತೆ ಸಿಂಪಡಿಸಿ. ಮೊದಲು ಒಂದೆರಡು ಎಲೆಯ ಮೇಲೆ ನೋಡಿ, ಮರುದಿನ ಸರಿಯಿದ್ದರೆ ಉಳಿದದ್ದಕ್ಕೆ. ತಿನ್ನುವ ಸೊಪ್ಪಾದ್ದರಿಂದ ಪೇಟೆಯ ಕೀಟನಾಶಕಗಳನ್ನು ನಾನು ಈ ಕುಂಡಗಳ ಹತ್ತಿರ ಬಿಡುವುದಿಲ್ಲ.

ಕುಂಡದ ಸುತ್ತ ಸಣ್ಣ ಕಪ್ಪು ನೊಣಗಳು ಏಳುತ್ತಿದ್ದರೆ ಅವುಗಳ ಮರಿಗಳು ಒದ್ದೆ ಮೇಲ್ಮಣ್ಣಿನಲ್ಲಿವೆ. ಔಷಧ ಬೇಡ, ಮೇಲ್ಮಣ್ಣನ್ನು ಪ್ರತಿಸಲ ಒಣಗಲು ಬಿಟ್ಟು, ಹಳದಿ ಅಂಟುಹಾಳೆ ನೆಟ್ಟು, ಮೂರು ನಾಲ್ಕು ವಾರ ಹಾಗೆಯೇ ಮುಂದುವರಿಸಿ. ಕರಿಬೇವಿನ ಎಲೆ ಅಂಚಿನಿಂದ ಮಾಯವಾಗುತ್ತಿದ್ದು, ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂಥದು ಬಿದ್ದಿದ್ದರೆ ಒರೆಸಿಹಾಕುವ ಮೊದಲು ನೋಡಿ. ಅದು ನಿಂಬೆ ಚಿಟ್ಟೆಯ ಮರಿಹುಳು, ಬೆಳೆದ ಮೇಲೆ ಹಸಿರಾಗುತ್ತದೆ. ಕುಂಡದ ಗಿಡವನ್ನು ಬೋಳಿಸಲು ನಾಲ್ಕೈದು ಸಾಕು, ಕೈಯಿಂದ ಆರಿಸಿದರೆ ಮುಗಿಯಿತು. ಪುದೀನದ ಎಲೆಯಡಿ ಕಿತ್ತಳೆ ಬಣ್ಣದ ಗುಳ್ಳೆಗಳಿದ್ದರೆ ತುಕ್ಕುರೋಗ. ಆ ಗಿಡದಿಂದ ಕಡ್ಡಿ ನೆಟ್ಟು ಹೊಸದು ಮಾಡುವ ಯೋಚನೆ ಬೇಡ.

ಕೊಯ್ದ ಮೇಲೆ ಚಿಗುರುತ್ತಿಲ್ಲ

ಎಲೆಯೊಂದೊಂದನ್ನೇ ಬುಡದಿಂದ ಕಿತ್ತರೆ ಗಿಡ ತುದಿಯಲ್ಲಿ ಮಾತ್ರ ಬೆಳೆಯುತ್ತದೆ. ಕಾಮಕಸ್ತೂರಿಯನ್ನು ಗಿಣ್ಣಿನ ಸ್ವಲ್ಪ ಮೇಲೆ ಚಿವುಟಿ, ಆ ಗಿಣ್ಣಿನ ಎರಡೂ ಮಗ್ಗುಲಿಂದ ಕವಲೊಡೆಯುತ್ತದೆ. ಒಮ್ಮೆಗೆ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬೇಡಿ. ರೋಸ್ಮರಿ, ಥೈಮ್‌ಗಳನ್ನು ಹಸಿರಿರುವ ಭಾಗದಲ್ಲೇ ಕತ್ತರಿಸಬೇಕು. ಎಲೆಯಿಲ್ಲದ ಹಳೆಯ ಗಟ್ಟಿ ಕಾಂಡಕ್ಕೆ ಕತ್ತರಿ ಹಾಕಿದರೆ ಅಲ್ಲಿಂದ ಚಿಗುರುವುದು ಅನುಮಾನ.

ಸತ್ತ ಗಿಡದ ಮಣ್ಣನ್ನು ಏನು ಮಾಡುವುದು ಎಂಬುದು ಕೊನೆಯ ಪ್ರಶ್ನೆ. ಬೇರುಕೊಳೆಯಿಂದ ಸತ್ತಿದ್ದರೆ ಅದನ್ನು ಸೊಪ್ಪಿನ ಕುಂಡಗಳಿಗೆ ಮತ್ತೆ ಬಳಸಬೇಡಿ, ಕುಂಡವನ್ನೂ ಸೋಪುನೀರಿನಲ್ಲಿ ಉಜ್ಜಿ ಬಿಸಿಲಿಗೆ ಒಣಗಿಸಿ. ಬೇರೆ ಕಾರಣವಾದರೆ ಹಳೆಯ ಬೇರುಗಳನ್ನು ಆರಿಸಿ, ಒಮ್ಮೆ ನೀರು ಹಾಯಿಸಿ ತೊಳೆದು, ಮೂರನೆಯ ಒಂದು ಪಾಲು ಹೊಸ ಕಾಂಪೋಸ್ಟ್ ಬೆರೆಸಿದರೆ ಇನ್ನೊಂದು ಬೆಳೆಗೆ ಸಾಕಾಗುತ್ತದೆ.